ಹುಲ್ಲುಗಾವಲಿನ ಸಭೆಯಲ್ಲಿ ದುಭಾಷಿಯಾಗಿ

ಆ ವರ್ಷ ಸಂಕ್ರಾಂತಿ ರಜೆ ಮುಗಿದು ಶಾಲೆ ತೆರೆದ ಎರಡನೆಯ ದಿನ ಮಂಡಲದ ಅಧಿಕಾರಿ ನಮ್ಮ ಶಾಲೆಗೆ ಬಂದರು. ನಾನು ಮೂರನೆಯ ತರಗತಿಗೆ ಒತ್ತಕ್ಷರ ಬರೆಸುತ್ತಿದ್ದೆ. ಜೀಪಿನ ಸದ್ದು ಕೇಳಿ ಮಕ್ಕಳೆಲ್ಲ ಕಿಟಕಿಗೆ ಓಡಿದರು. ಒಳಗೆ ಬಂದವರು ಮೂವತ್ತು ದಾಟಿರದ ಹೆಣ್ಣುಮಗಳು, ಕರಾವಳಿ ಆಂಧ್ರದ ಕಡೆಯವರು. ಹಿಂದಿನ ಬೆಂಚಿನಲ್ಲೇ ಕುಳಿತು, ಪಾಠ ಮುಗಿಯುವವರೆಗೆ ಕಾದರು. ಆಮೇಲೆ ತೆಲುಗಿನಲ್ಲಿ, "ಟೀಚರ್ ಗಾರು, ನನಗೆ ಕನ್ನಡ ಬರುವುದಿಲ್ಲ. ಊರಿನವರ ಜೊತೆ ಮಾತಾಡಬೇಕು. ನೀವು ಮಧ್ಯೆ ಇರಬೇಕು" ಎಂದರು. ಅಷ್ಟು ವರ್ಷಗಳ ನೌಕರಿಯಲ್ಲಿ ಯಾವ ಅಧಿಕಾರಿಯೂ ನನ್ನ ಪಾಠ ಮುಗಿಯಲೆಂದು ಕಾದಿರಲಿಲ್ಲ. ಆಗಲಿ ಎಂದುಬಿಟ್ಟೆ.

ನಾನು ರಾಯದುರ್ಗದವಳು. ಮಡಕಶಿರಾ ಸೀಮೆಯ ಈ ಕನ್ನಡ ಶಾಲೆಗೆ ಬಂದು ಆಗಲೇ ಹನ್ನೊಂದು ವರ್ಷವಾಗಿತ್ತು. ಊರಿನ ಹೆಸರು ಬೇಡ, ಮಂಡಲದ ಹೆಸರೂ ಬೇಡ. ಊರಿನ ಕೆಳಗಿನ ಬೀದಿಯಲ್ಲಿ ತೆಲುಗು ಮನೆಗಳು. ಮೇಲಿನ ಬೀದಿಯಲ್ಲಿ ರಾಗಿ, ಕಡಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಕನ್ನಡದವರು. ಕೆರೆ ಏರಿಯ ಪಕ್ಕ ನಾಲ್ಕೈದು ಮುಸ್ಲಿಮರ ಮನೆ, ಅವರದು ಮನೆಯಲ್ಲಿ ಉರ್ದು. ಊರಾಚೆ ಕುರಿಗಾರರ ಹಟ್ಟಿ. ಸಂತೆಯಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಕನ್ನಡ ತೆಲುಗು ಎರಡೂ ಬರುತ್ತವೆ. ಕಚೇರಿಯ ಮೇಜಿನ ಮುಂದೆ ನಿಂತಾಗ ಮಾತ್ರ ಹಟ್ಟಿಯವರ ತೆಲುಗು ಗಂಟಲಲ್ಲೇ ನಿಂತುಹೋಗುತ್ತಿತ್ತು.

ವಿಷಯ ಇದು: ಊರ ಗುಡ್ಡದ ಬುಡದಲ್ಲಿ ಕೆರೆಯ ತನಕ ಹರಡಿದ ಒಂದು ಹುಲ್ಲುಗಾವಲು ಇತ್ತು. ಯಾರ ಪಟ್ಟಾದಲ್ಲೂ ಇಲ್ಲದ, ಎಲ್ಲರೂ ಬಳಸುವ ಜಾಗ. ಅದಕ್ಕೆ ಬೇಲಿ ಹಾಕಿ ಗಿಡ ನೆಡಲು ಸರ್ಕಾರದ ಯೋಜನೆ ಬಂದಿತ್ತು. ಹಿಂದಿನ ಅಧಿಕಾರಿಗಳಾಗಿದ್ದರೆ ಕಚೇರಿಯಲ್ಲೇ ಕೂತು ನಕ್ಷೆಗೆ ಗೆರೆ ಎಳೆದುಬಿಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಎಲ್ಲರನ್ನೂ ಕೂರಿಸಿ, ಅವರವರ ಭಾಷೆಯಲ್ಲಿ ಕೇಳಿ, ಆಮೇಲೆ ನಿಯಮ ಬರೆಯಬೇಕು ಎಂಬುದು ಅವರ ಆಸೆ. ಅದನ್ನು ನನಗೆ ವಿವರಿಸುವಾಗ ಅವರ ಮುಖದಲ್ಲಿದ್ದ ಉತ್ಸಾಹ ನಿಜವಾದದ್ದು. ಆ ಹೆಣ್ಣುಮಗಳ ಬಗ್ಗೆ ಇವತ್ತಿಗೂ ನನಗೆ ಸಿಟ್ಟಿಲ್ಲ.

ಮೊದಲ ಸಭೆ ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ ನಡೆಯಿತು. ಕುರ್ಚಿ ಬೇಡವೆಂದು ಅಧಿಕಾರಿ ಚಾಪೆಯ ಮೇಲೇ ಕುಳಿತರು. ಕೆಳಗಿನ ಬೀದಿಯ ತೆಲುಗು ಹಿರಿಯರೊಬ್ಬರು ಮೊದಲು ಮಾತಾಡಿದರು. ಗುಡ್ಡ ಬೋಳಾಗಿ ಮಣ್ಣೆಲ್ಲ ಕೆರೆಗೆ ಇಳಿಯುತ್ತಿದೆ, ಗಿಡ ಬೇಕೇ ಬೇಕು ಎಂದರು. ಅದು ಸುಳ್ಳಲ್ಲ. ಆಡು ಸಾಕಿದ್ದ ಮುಸ್ಲಿಂ ಮುದುಕಿಯೊಬ್ಬರು, ಬೇಲಿಯೊಳಗಿನ ಹುಲ್ಲು ಕೊಯ್ದುಕೊಳ್ಳಲು ಬಿಡಿ, ಆಡನ್ನು ಕಟ್ಟಿ ಮೇಯಿಸುತ್ತೇನೆ ಎಂದರು. ಮೇಲಿನ ಬೀದಿಯ ಒಬ್ಬ ರೇಷ್ಮೆ ರೈತ, ಮಗಳನ್ನು ನನ್ನ ತರಗತಿಗೆ ಕಳಿಸುತ್ತಿದ್ದವನು, ಅಚ್ಚುಕಟ್ಟಾದ ತೆಲುಗಿನಲ್ಲಿ ಬೇಲಿಯ ಪರವಾಗಿ ಮಾತಾಡಿದ.

ಹಟ್ಟಿಯಿಂದ ಬಂದದ್ದು ಒಬ್ಬಳೇ ಮುದುಕಿ. ಸೆರಗು ತಲೆಯ ಮೇಲೆ ಎಳೆದುಕೊಂಡು ಹಿಂದೆ ನಿಂತಿದ್ದಳು. ಅಧಿಕಾರಿಯೇ ಕೈಬೀಸಿ ಮುಂದಕ್ಕೆ ಕರೆದರು.

"ನಮ್ ಗಂಡಸ್ರೆಲ್ಲ ಕುರಿ ಹೊಡ್ಕಂಡು ಕಣೇಕಲ್ ಕಡೆ ಹೋಗವ್ರೆ. ಅವ್ರಿಲ್ದೆ ನಾನೇನ್ ಹೇಳ್ಲಿ? ನನ್ ಹತ್ರ ಇರೋದು ಎರಡು ಮರಿ. ಕೆರೆಗೆ ಹೋಗೋಕೆ ದಾರಿ ಬಿಟ್ರೆ ಸಾಕು ಕಣಮ್ಮ" ಎಂದಳು.

ನಾನು ಒಂದು ಮಾತೂ ಬಿಡದೆ ತೆಲುಗಿನಲ್ಲಿ ಹೇಳಿದೆ. ಗಂಡಸರಿಲ್ಲ ಎಂದದ್ದನ್ನೂ, ಎರಡು ಮರಿ ಎಂದದ್ದನ್ನೂ, ದಾರಿ ಬಿಟ್ಟರೆ ಸಾಕು ಎಂದದ್ದನ್ನೂ. ಪಕ್ಕದಲ್ಲಿ ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಸಭೆ ಮುಗಿದ ಮೇಲೆ ಎಲ್ಲರಿಗೂ ಟೀ ಕೊಟ್ಟರು. ಒಳ್ಳೆಯ ಕೆಲಸವೊಂದರಲ್ಲಿ ಪಾಲುಗೊಂಡೆ ಎಂಬ ಸಂತೋಷದಲ್ಲಿ ನಾನು ಮನೆಗೆ ಹೋದೆ.

ಎರಡು ದಿನದ ನಂತರ ಸಭೆಯ ನಡಾವಳಿಯ ಪ್ರತಿ ಶಾಲೆಗೆ ಬಂತು. ಅದರಲ್ಲಿ ಹಟ್ಟಿಯ ಬಗ್ಗೆ ಇದ್ದದ್ದು ಒಂದೇ ಸಾಲು: ದಾರಿ ಬಿಟ್ಟರೆ ಕುರಿಗಾರರ ಆಕ್ಷೇಪಣೆ ಇಲ್ಲ. ಕೂಡಲೇ ಅಧಿಕಾರಿಗೆ ಫೋನ್ ಮಾಡಿದೆ.

"ಮೇಡಂ, ಆ ಮುದುಕಿ ತನ್ನ ಎರಡು ಮರಿಗೆ ದಾರಿ ಕೇಳಿದಳು. ಹಟ್ಟಿಯ ಪರವಾಗಿ ಒಪ್ಪಿಗೆ ಕೊಡಲಿಲ್ಲ."

"ಆದರೆ ಸಾಕು ಅಂದರಲ್ಲ? ನೀವೇ ಹಾಗೆ ಅನುವಾದ ಮಾಡಿದ್ದು."

ಹೌದು, ನಾನೇ ಮಾಡಿದ್ದು. ಗಂಡಸರು ಊರಲ್ಲಿಲ್ಲ ಎಂದದ್ದನ್ನೂ ಹೇಳಿದ್ದೆ ಎಂದು ನೆನಪಿಸಿದೆ. ಅದಕ್ಕೆ ಅವರು, "ಸರಿ, ಹದಿನೈದು ದಿನ ಸಮಯ ಕೊಡುತ್ತೇನೆ. ಅವರ ಮಾತು ತರಿಸಿ. ಇನ್ನೊಂದು ಸಭೆ ಕರೆಯೋಣ" ಎಂದರು.

ಮುದುಕಿಯ ಮಗ ಹಟ್ಟಿಗೆ ಯಜಮಾನ. ಅವನಿಗೆ ಫೋನ್ ಮಾಡಿದೆ. ಗಾಳಿಯ ಸದ್ದಿನ ನಡುವೆ ಅವನು, "ಟೀಚರಮ್ಮ, ಇದು ಫೋನಾಗೆ ಆಡೋ ಮಾತಲ್ಲ. ಕುರಿ ಬಿಟ್ಟು ನಾವು ಬರಾಕಾಗಲ್ಲ" ಎಂದ. ಹಾಗಾಗಿ ನಾನೇ ಹೊರಟೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ರಾಯದುರ್ಗ ಸೇರಿ ಅಕ್ಕನ ಮನೆಯಲ್ಲಿ ಉಳಿದೆ. ಅಕ್ಕ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟಿಗೆ ಜಿಪ್ ಕೂರಿಸುತ್ತಾಳೆ. ವಿಷಯ ಕೇಳಿ ಮಿಷನ್ ನಿಲ್ಲಿಸಿದಳು.

"ಯಾಕ ನಿನಗ ಈ ಉಸಾಬರಿ? ಹುಡುಗ್ರಿಗೆ ಪಾಠ ಹೇಳಾದು ಬಿಟ್ಟು ಕುರಿ ಹಿಂದ ಹೊಂಟೀದಿ. ನಾಳೆ ಹೆಚ್ಚು ಕಮ್ಮಿ ಆದ್ರ ನಿನ್ನ ಮ್ಯಾಲೇ ಹಾಕ್ತಾರ ನೋಡು."

"ಹಂಗೇನಾಗಲ್ಲ ಬಿಡಕ್ಕ, ಅಧಿಕಾರಿ ಒಳ್ಳ್ಯಾಕಿ ಅದಾಳ" ಎಂದೆ. ರಾಯದುರ್ಗದ ನೆಲ ಮೆಟ್ಟಿದ ತಕ್ಷಣ ನನ್ನ ಮಾತೂ ಬದಲಾಗುತ್ತದೆ.

ಬೆಳಿಗ್ಗೆ ಕಣೇಕಲ್ಲಿನ ಬಸ್ಸು ಹಿಡಿದೆ. ಅಲ್ಲಿನ ಕೆರೆ ದಾಟಿದರೆ ಕಾಲುವೆ ನೀರಿನ ಗದ್ದೆಗಳು. ಭತ್ತ ಕೊಯ್ದು ಕೂಳೆ ಉಳಿದಿತ್ತು. ಆಟೋದವನು ಇಳಿಸಿದ ಕಡೆಯಿಂದ ಬದುವಿನ ಮೇಲೆ ನಡೆದು ಹೋದಾಗ ಕುರಿಗಳು ಕಂಡವು. ಯಜಮಾನ ಮೊದಲೇ ಹೇಳಿದ್ದನೇನೋ, ಗದ್ದೆಯ ರೈತ ನನ್ನನ್ನು ನೋಡಿ ಎದ್ದು ಬಂದ.

"ಬರ್ರಿ ಟೀಚರ್, ನೆಳ್ಳಾಗ ಕುಂದರ್ರಿ. ಇವ್ರು ವರ್ಸಾ ಬರ್ತಾರ್ರಿ. ಇವರ ಕುರಿ ಎರಡು ದಿನ ನಿಂತ್ರ ನಮ್ಮ ಗದ್ದಿಗೆ ಬ್ಯಾರೆ ಗೊಬ್ಬರ ಬ್ಯಾಡ್ರಿ."

ನಾನು ಕುಳಿತು ನೀರು ಕುಡಿಯುವಷ್ಟರಲ್ಲಿ ಆ ರೈತನೂ ಯಜಮಾನನೂ, ನಾಳೆ ಯಾವ ಗದ್ದೆ, ಪಕ್ಕದವರ ಗದ್ದೆಗೆ ಯಾವಾಗ, ಇನ್ನೂ ಕೊಯ್ಯದ ಪೈರಿನ ಕಡೆ ಯಾರು ನಿಲ್ಲುವುದು ಎಲ್ಲವನ್ನೂ ಮಾತಾಡಿ ಮುಗಿಸಿದರು. ಒಬ್ಬನದು ಬಳ್ಳಾರಿ ಮಾತು, ಇನ್ನೊಬ್ಬನದು ಶಿರಾ ಕಡೆಯ ಮಾತು. ಇಬ್ಬರೂ ಒಂದು ಸಲವೂ ಏನು ಎಂದು ತಿರುಗಿ ಕೇಳಲಿಲ್ಲ.

ನಾನು ನಡಾವಳಿಯನ್ನು ಓದಿ ಹೇಳಿದೆ. ಯಜಮಾನ ಐವತ್ತು ದಾಟಿದವನು. ಕಂಬಳಿಯನ್ನು ಮಡಿಸಿ ಅದರ ಮೇಲೆ ಕುಳಿತ. ಹಿಂಡಿನ ಜೊತೆಗಿದ್ದ ಉಳಿದ ಐದು ಮಂದಿಯೂ ಸುತ್ತ ಸೇರಿದರು.

"ನಮ್ಮವ್ವ ಹೇಳಿದ್ದು ಅವಳ ಮರಿಗೆ ಸರಿ. ಆದ್ರೆ ಟೀಚರಮ್ಮ, ಕುರಿ ಅಂದ್ರೆ ಬಸ್ಸಲ್ಲ, ರೋಡ್ ಮೇಲೆ ನೆಟ್ಟಗೆ ಹೋಗಾಕೆ. ಮೇಯ್ತಾ ಮೇಯ್ತಾನೇ ನಡೀತದೆ. ಎರಡೂ ಕಡೆ ಎಳೇ ಗಿಡ ನೆಟ್ಟು ಮಧ್ಯದಾಗೆ ದಾರಿ ಬಿಟ್ರೆ ಅದು ಬಾಯಿ ಹಾಕೇ ಹಾಕ್ತದೆ. ಆಮೇಲೆ ತಪ್ಪು ನಮ್ದಾಗ್ತದೆ."

"ಹಾಗಾದರೆ ಗಿಡ ಬೇಡ ಅಂತ ಬರೆಯಲಾ?"

"ಅಯ್ಯೋ ಬೇಡಿ! ಗಿಡ ಬೇಕು ಅಂತ್ಲೇ ಬರೀರಿ. ನೆಳ್ಳು ಯಾರಿಗೆ ಬೇಡ?" ಎಂದ. ಒಂದು ಕಡ್ಡಿ ತೆಗೆದು ನೆಲದ ಮೇಲೆ ಹುಲ್ಲುಗಾವಲು ಬರೆದ. ಮಧ್ಯೆ ಒಂದು ಗೆರೆ ಎಳೆದ. "ಮೊದಲು ಮೂಡಲ ಕಡೆ ನೆಡ್ಲಿ. ಅದಕ್ಕೆ ನಾವು ಕಾಲಿಡಲ್ಲ. ಪಡುವಲ ಕಡೆ ನಮಗೆ ಬಿಡ್ಲಿ. ಮೂರು ಮಳೆಗಾಲ ಕಳೆದ್ರೆ ಗಿಡ ಕುರಿ ಬಾಯಿಗೆ ಎಟುಕಲ್ಲ. ಆವಾಗ ಪಡುವಲ ಕಡೆ ನೆಡ್ಲಿ, ನಾವು ಮೂಡಲಿಗೆ ಹೋಗ್ತೀವಿ. ಕಾವಲು ಬೇಕಾದ್ರೂ ನಾವೇ ಕಾಯ್ತೀವಿ."

ಕನ್ನಡದಲ್ಲಿ ಬರೆದೆ. ಎರಡು ಸಲ ಓದಿ ಹೇಳಿದೆ. ಒಂದು ಕಡೆ ಯಜಮಾನ ತಡೆದು, "'ಕಾಲಿಡಲ್ಲ' ಅನ್ನೋದನ್ನ ದಪ್ಪಕ್ಕೆ ಬರೀರಿ" ಎಂದ. ಮೂವರು ಸಹಿ ಹಾಕಿದರು, ಮೂವರು ಹೆಬ್ಬೆಟ್ಟು ಒತ್ತಿದರು. ಶಾಲೆಯ ಇಂಕ್ ಪ್ಯಾಡು ನನ್ನ ಚೀಲದಲ್ಲೇ ಇತ್ತು.

ಹೊರಡುವಾಗ ಯಜಮಾನ ಬದುವಿನ ತನಕ ಬಂದ. "ನಮ್ಮ ಮಾತು ಅವ್ರ ಕಿವಿಗೆ ಬಿದ್ರೆ ಸೈ ಟೀಚರಮ್ಮ. ಓದಿದೋರು, ತಿಳ್ಕಂತಾರೆ. ಗೊತ್ತಿಲ್ದೆ ತಾನೆ ಎಲ್ಲ ಆಗೋದು?" ಎಂದ. ನನಗೂ ಹಾಗೇ ಅನಿಸಿತ್ತು. ವಾಪಸು ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಕಾಗದವನ್ನು ತೆಲುಗಿಗೆ ತಂದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು. ಊರಿಗೆ ಹೋಗಿ ಮತ್ತೆ ಪ್ರತಿ ಮಾಡಿದೆ.

ಅಧಿಕಾರಿ ಅದನ್ನು ನನ್ನ ಮುಂದೆಯೇ ಪೂರ್ತಿ ಓದಿದರು. ಓದಿ, "ಇದು ನಮ್ಮ ಎಂಜಿನಿಯರಿಗೂ ಹೊಳೆದಿರಲಿಲ್ಲ" ಎಂದರು. ಎರಡನೆಯ ಸಭೆಗೆ ದಿನ ಗೊತ್ತಾಯಿತು.

ಆ ದಿನ ಜನ ಹೆಚ್ಚು ಸೇರಿದ್ದರು. ಅಧಿಕಾರಿ ತಾವೇ ಕಾಗದವನ್ನು ತೆಲುಗಿನಲ್ಲಿ ಓದಿದರು. ಕನ್ನಡದ ಮೂಲವನ್ನು ನಾನು ಓದಿದೆ. ಕೆಳಗಿನ ಬೀದಿಯ ಹಿರಿಯರು ಗಡ್ಡ ಸವರಿಕೊಳ್ಳುತ್ತ ಕೇಳಿ, "ಮಾತು ನ್ಯಾಯವಾಗಿದೆ, ಹೀಗೂ ಮಾಡಬಹುದು" ಎಂದರು. ಆ ಗಳಿಗೆಯಲ್ಲಿ ಎಲ್ಲ ಮುಗಿಯಿತು, ಗೆದ್ದೆವು ಎಂದುಕೊಂಡೆ.

ಆಗ ಎದ್ದವನು ರೇಷ್ಮೆ ರೈತ. ಅವನ ಹಿಪ್ಪುನೇರಳೆ ತೋಟ ಹುಲ್ಲುಗಾವಲಿನ ಪಡುವಲಿಗೆ ಅಂಟಿಕೊಂಡಿದೆ ಎಂಬುದು ನನಗೆ ನೆನಪಾದದ್ದು ಅವನು ಎದ್ದ ಮೇಲೆಯೇ. ಪಡುವಲಿಗೆ ಬೇಲಿ ಬೀಳದಿದ್ದರೆ ಅವನ ಸೊಪ್ಪಿಗೆ ಕುರಿಯ ಭಯ. ಅದನ್ನೇ ಹೇಳಿದ್ದರೆ ಯಾರಾದರೂ ದಾರಿ ಹುಡುಕುತ್ತಿದ್ದರು. ಅವನು ಹೇಳಿದ್ದು ಬೇರೆ.

"ಮೇಡಂ, ಕಾಗದ ಕನ್ನಡದಲ್ಲಿದೆ. ಬರೆದದ್ದು ಟೀಚರು. ತೆಲುಗು ಮಾಡಿದ್ದೂ ಟೀಚರು. ಹಟ್ಟಿಯವರು ಹೇಳಿದ್ದು ಇದೇ ಎಂದು ನಮಗೆ ಹೇಗೆ ಗೊತ್ತು?" ಎಂದು ತೆಲುಗಿನಲ್ಲಿ ಕೇಳಿದ.

ಹಿಂದಿನಿಂದ ಇನ್ನಾರೋ, ನಮ್ಮ ರಾಜ್ಯದ ಕಚೇರಿಗೆ ಕನ್ನಡದ ಕಾಗದ ಯಾಕೆ ಎಂದರು. ಮೇಲಿನ ಬೀದಿಯ ಒಬ್ಬ ತಟ್ಟನೆ, "ಕನ್ನಡದಾಗೆ ಬರೆದ್ರೆ ಏನ್ ತಪ್ಪು? ನಾವೇನು ನೆನ್ನೆ ಮೊನ್ನೆ ಬಂದೋರಾ?" ಎಂದು ಕೂಗಿದ. ಅವನಿಗೆ ಹುಲ್ಲಿನ ಚಿಂತೆ ಇರಲಿಲ್ಲ, ಕುರಿಯೂ ಇರಲಿಲ್ಲ. ಶಾಲೆಯ ಮಾತು ಬಂತು. ಗಡಿಯ ಮಾತು ಬಂತು. ಯಾರ ತಾತ ಮೊದಲು ಬಂದದ್ದು ಎಂಬ ಮಾತೂ ಬಂತು. ಮಾತು ನ್ಯಾಯವಾಗಿದೆ ಎಂದಿದ್ದ ಹಿರಿಯರು ಎದ್ದು ಪಂಚೆ ಕೊಡವಿಕೊಂಡು ತಮ್ಮವರ ಕಡೆ ಹೋಗಿ ನಿಂತರು. ಆಡಿನ ಮುದುಕಿ, "ಅರೆ, ಹುಲ್ಲಿನ ಮಾತು ಏನಾಯ್ತು?" ಎಂದು ಎರಡು ಸಲ ಕೇಳಿದರು. ಯಾರೂ ಅವರ ಕಡೆ ತಿರುಗಲಿಲ್ಲ.

ಅಲ್ಲಿದ್ದ ಎಲ್ಲರಿಗೂ ಎಲ್ಲರ ಬೈಗುಳವೂ ಅರ್ಥವಾಗುತ್ತಿತ್ತು. ಅನುವಾದ ಬೇಕಾಗಿದ್ದದ್ದು ಅಧಿಕಾರಿ ಒಬ್ಬರಿಗೆ. ಅವರು ನನ್ನ ತೋಳು ಹಿಡಿದು, "ಟೀಚರ್ ಗಾರು, ಕನ್ನಡದವರು ಏನಂತಿದ್ದಾರೆ?" ಎಂದು ಕೇಳುತ್ತಲೇ ಇದ್ದರು. ಹೇಳಿದರೆ ಜಗಳ ಬೆಳೆಯುತ್ತದೆ. ಹೇಳದಿದ್ದರೆ ಬಚ್ಚಿಡುತ್ತಿದ್ದಾಳೆ ಎನ್ನುತ್ತಾರೆ. ಹದಿನೈದು ದಿನದ ಹಿಂದೆ ಇದೇ ಚಾಪೆಯ ಮೇಲೆ ನಾನು ಊರಿನ ಟೀಚರಮ್ಮ ಆಗಿದ್ದೆ. ಆ ದಿನ ಕನ್ನಡ ಟೀಚರ್ ಆಗಿಬಿಟ್ಟಿದ್ದೆ.

ಗದ್ದಲ ಸ್ವಲ್ಪ ತಗ್ಗಿದಾಗ ಗುಮಾಸ್ತರು ಅಧಿಕಾರಿಯ ಕಿವಿಯ ಹತ್ತಿರ ಬಗ್ಗಿದರು. ಜಿಲ್ಲೆ ಎರಡಾದ ಮೇಲೆ ಮಡಕಶಿರಾ ಒಂದು ಕಡೆಗೆ, ಕಣೇಕಲ್ಲು ಇನ್ನೊಂದು ಕಡೆಗೆ ಹೋಗಿದೆ, ಬೇರೆ ಜಿಲ್ಲೆಯಲ್ಲಿ ತೆಗೆದುಕೊಂಡ ಹೇಳಿಕೆ ಕಡತಕ್ಕೆ ಸೇರುವುದಿಲ್ಲ ಎಂದರು. ಅದೇ ಜನ, ಅದೇ ಕುರಿ, ಅದೇ ಹುಲ್ಲುಗಾವಲು. ಸಭೆ ಮುಗಿಸಿದರು.

ವಾರದ ನಂತರ ನನ್ನನ್ನು ಕಚೇರಿಗೆ ಕರೆದರು. ಅಧಿಕಾರಿಯ ಕಣ್ಣ ಕೆಳಗೆ ಕಪ್ಪಾಗಿತ್ತು. ನಡಾವಳಿಯನ್ನು ನನ್ನ ಮುಂದೆ ಸರಿಸಿದರು. ಮೊದಲ ಸಭೆಯ ತೀರ್ಮಾನವೇ ಇತ್ತು: ಪೂರ್ತಿ ಜಾಗಕ್ಕೆ ಬೇಲಿ, ಮಧ್ಯೆ ಕೆರೆಗೆ ದಾರಿ. ಕೊನೆಯಲ್ಲಿ, ಎಲ್ಲ ಸಮುದಾಯದವರನ್ನೂ ಅವರವರ ಭಾಷೆಯಲ್ಲಿ ಕೇಳಲಾಯಿತು ಎಂದು ಬರೆದಿತ್ತು. ಅದರ ಕೆಳಗೆ ದುಭಾಷಿಯ ಸಹಿಗೆ ಜಾಗ.

"ಕುರಿಗಾರರ ಕಾಗದ?" ಎಂದೆ.

"ನನ್ನ ಹತ್ತಿರ ಇದೆ. ಕಡತದಲ್ಲಿ ಇಲ್ಲ." ಕಾರಣವನ್ನೂ ಹೇಳಿದರು: "ಗಡಿ ಊರಲ್ಲಿ ಭಾಷೆಯ ಜಗಳ ಎಂದು ಮೇಲಿನವರಿಗೆ ಸುದ್ದಿ ಹೋಗಿದೆ. ಮತ್ತೆ ಸಭೆ ಬೇಡ ಎಂದಿದ್ದಾರೆ. ನೀವು ಸಹಿ ಹಾಕದಿದ್ದರೆ ಹೊಸದಾಗಿ ನಕ್ಷೆ ಬರುತ್ತದೆ, ಅದರಲ್ಲಿ ದಾರಿಯೂ ಇರುವುದಿಲ್ಲ. ದಾರಿಯನ್ನಾದರೂ ಉಳಿಸಿಕೊಳ್ಳೋಣ ಟೀಚರ್ ಗಾರು."

ಅವರು ಹೇಳಿದ್ದು ನಿಜವಿರಬಹುದು, ನನ್ನನ್ನು ಒಪ್ಪಿಸಲು ಹೇಳಿದ್ದೂ ಇರಬಹುದು. ಇವತ್ತಿಗೂ ನನಗೆ ಗೊತ್ತಿಲ್ಲ. ಸಹಿ ಹಾಕಿದೆ. ಹಾಕಿ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತವಳು ಎರಡು ಬಸ್ಸು ಬಿಟ್ಟೆ.

ಬೇಸಿಗೆಯಲ್ಲಿ ಬೇಲಿ ಬಂತು, ಗುಂಡಿ ತೋಡಿದರು, ಮೊದಲ ಮಳೆಗೆ ಸಸಿ ನೆಟ್ಟರು. ದಾರಿಯ ಬಾಯಲ್ಲಿ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಒಂದು ಫಲಕ ನಿಲ್ಲಿಸಿದರು: ಎಲ್ಲರ ಒಪ್ಪಿಗೆಯಿಂದ ಕಾಪಾಡಲಾದ ಜಾಗ. ಕನ್ನಡದ ಸಾಲು ಬರೆದುಕೊಡಲು ನನ್ನನ್ನೇ ಕೇಳಿದ್ದರು. ಬೇರೆಯವರು ಬರೆದರೆ ಕಾಗುಣಿತ ತಪ್ಪುತ್ತದೆ ಎಂದು ಬರೆದುಕೊಟ್ಟೆ. ಇದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಮಳೆ ಹಿಡಿದ ಮೇಲೆ ಹಿಂಡು ಊರಿಗೆ ಮರಳಿತು. ಶಾಲೆಯ ಕಿಟಕಿಯಿಂದ ದಾರಿ ಕಾಣುತ್ತದೆ. ಆರು ಜನ ಎರಡೂ ಬದಿಗೆ ಕೋಲು ಹಿಡಿದು ನಿಂತು ಕುರಿಗಳನ್ನು ನಡುವೆ ಒತ್ತಿಕೊಂಡು ನಡೆಸುತ್ತಿದ್ದರು. ಕುರಿಗಳು ತಂತಿಯ ಕಡೆಗೆ ಕತ್ತು ಚಾಚುತ್ತಿದ್ದವು. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಒಂದಷ್ಟು ಸಸಿಗಳ ತುದಿ ಹೋಗಿತ್ತು. ಕಾವಲುಗಾರ ದಾರಿಗೆ ಗೇಟು ಹಾಕಿ, ಮೇಲಿನಿಂದ ಅಪ್ಪಣೆ ಬರುವ ತನಕ ತೆಗೆಯುವುದಿಲ್ಲ ಎಂದ.

ಅವತ್ತು ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತಾಗ ಯಜಮಾನ ಶಾಲೆಗೆ ಬಂದ. ಹೊಂಗೆ ಮರದ ಕಟ್ಟೆಯ ಮೇಲೆ ಕುಳಿತ. ಬಯ್ಯುತ್ತಾನೆ ಎಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು.

"ಟೀಚರಮ್ಮ, ಅವತ್ತು ಗದ್ದೆಯಾಗೆ ನಾವು ಬರೆಸಿದ್ವಲ್ಲ, ಅದನ್ನ ಅವ್ರು ಓದಿದ್ರಾ?"

"ಓದಿದರು."

"ಪೂರ್ತಿನಾ?"

"ಪೂರ್ತಿ ಓದಿದರು. ಸಭೆಯಲ್ಲೂ ಓದಿ ಹೇಳಿದರು."

"ನಾನು ಅವ್ರಿಗೆ ತಲುಪಿಲ್ಲ ಅಂದ್ಕಂಡಿದ್ದೆ" ಎಂದ.

ನಾನು ಸಹಿ ಹಾಕಿದ್ದನ್ನು ಹೇಳಿದೆ. ಅವನು ತಲೆಯಾಡಿಸಿದ. "ನಿಮ್ದೇನ್ ತಪ್ಪಿದೆ ಬಿಡಿ, ನೀವು ನೌಕ್ರಿ ಮಾಡೋರು" ಎಂದ. ಆಮೇಲೆ, ಇನ್ನೊಂದು ಅರ್ಜಿ ಬರೆದುಕೊಡಿ ಎಂದು ಕೇಳಿದ. ಈ ಸಲ ತೆಲುಗಿನಲ್ಲೇ ಬರೀರಿ ಎಂದ. ಬರೆದುಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಮತ್ತೆ ಎರಡು ಬರೆದೆವು.

ಗೇಟು ವಾರಕ್ಕೆ ಎರಡು ದಿನ ತೆಗೆಯುವಂತಾದದ್ದು ದಸರಾ ಹೊತ್ತಿಗೆ. ಅಷ್ಟರಲ್ಲಿ ಯಜಮಾನನ ಮನೆಯೂ ಸೇರಿ ಹಟ್ಟಿಯ ಮೂರು ಮನೆಗಳು ಕುರಿಗಳೊಂದಿಗೆ ಅಗಳಿ ಕಡೆ ಬೀಗರ ಊರಿಗೆ ಹೊರಟವು. ಅವನ ಇಬ್ಬರು ಮೊಮ್ಮಕ್ಕಳು ನನ್ನ ಶಾಲೆಯಲ್ಲಿದ್ದರು. ಅವರ ಟಿ.ಸಿ.ಯಲ್ಲಿ ಶಾಲೆ ಬಿಡಲು ಕಾರಣ ಎಂಬ ಕಡೆ 'ಪೋಷಕರ ವಾಸ ಬದಲಾವಣೆ' ಎಂದು ಬರೆದೆ. ಮುದುಕಿ ಮಾತ್ರ ಎರಡು ಮರಿ ಇಟ್ಟುಕೊಂಡು ಇಲ್ಲೇ ಉಳಿದಿದ್ದಾಳೆ. ಗೇಟು ತೆಗೆದ ದಿನ ಅವನ್ನು ಹಗ್ಗದಲ್ಲಿ ಹಿಡಿದು ಕೆರೆಗೆ ಕರೆದೊಯ್ಯುತ್ತಾಳೆ. ಎದುರು ಸಿಕ್ಕರೆ, "ಉಂಡ್ರಾ ಟೀಚರಮ್ಮ?" ಎಂದು ಮೊದಲಿನಂತೆಯೇ ಕೇಳುತ್ತಾಳೆ.

ಅಧಿಕಾರಿಗೆ ಮರುವರ್ಷ ವರ್ಗವಾಯಿತು. ಹೋಗುವ ಮುಂಚೆ ಫೋನ್ ಮಾಡಿ, ಗಿಡಗಳು ಹೇಗಿವೆ ಎಂದು ಕೇಳಿದರು. ಚೆನ್ನಾಗಿ ಬಂದಿವೆ ಎಂದೆ. ನಿಜಕ್ಕೂ ಚೆನ್ನಾಗಿ ಬಂದಿದ್ದವು. "ಹಟ್ಟಿಯವರು..." ಎಂದು ಶುರುಮಾಡಿದವರು ಮುಂದುವರಿಸಲಿಲ್ಲ. ಮೂರು ಮನೆ ಊರು ಬಿಟ್ಟದ್ದನ್ನು ನಾನೂ ಹೇಳಲಿಲ್ಲ.

ರೇಷ್ಮೆ ರೈತನ ಮಗಳು ಈಗ ಐದನೆಯ ತರಗತಿ, ಜಾಣೆ. ಮೊನ್ನೆ ಅವಳನ್ನು ಕರೆದುಕೊಂಡು ಹೋಗಲು ಬಂದವನು ಬಾಗಿಲಲ್ಲಿ ನಿಂತು, "ಟೀಚರಮ್ಮ, ಅವತ್ತು ಏನೋ ಮಾತು ಬಂದುಬಿಡ್ತು, ತಪ್ಪು ತಿಳ್ಕಾಬೇಡಿ" ಎಂದು ಕನ್ನಡದಲ್ಲಿ ಹೇಳಿದ. ನಾನು ಅವನ ಮಗಳ ನೋಟ್ ಪುಸ್ತಕ ತಿದ್ದುತ್ತಿದ್ದೆ. ತಿದ್ದಿ ಮುಗಿಸಿ ಅವಳ ಕೈಗೆ ಕೊಟ್ಟೆ. ಅವಳು ಅಪ್ಪನ ಸ್ಕೂಟರಿನ ಹಿಂದೆ ಹತ್ತಿ ಕೈಬೀಸಿದಳು.